ಓಡಿ ಸತ್ತ ಜಿಂಕೆಯ ಎಳೆಮಾಂಸ

ಬೆಳಕು ಇನ್ನೂ ಬೆಟ್ಟ ಇಳಿದಿಲ್ಲ. ತಣ್ಣನೆಯ ಕಲ್ಲುಕೋಣೆಯಲ್ಲಿ ಎಫಿ ಮಕ್ರೇ ತೂಗುಹಾಕಿದ ಹೆಣ್ಣು ಜಿಂಕೆಯ ಮುಂದೆ ನಿಂತಿದ್ದಾರೆ. ಬೆನ್ನೆಲುಬಿನ ಒಳಬದಿಯಿಂದ ಎಳೆಮಾಂಸದ ಪಟ್ಟಿ ಬಿಡಿಸಿ ಹಲಗೆಯ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತುತ್ತಾರೆ. ಬೀಟ್‌ರೂಟಿನಂತೆ ಕೆಂಪಗಿರಬೇಕಾದ ಮಾಂಸ ಕಪ್ಪಾಗಿದೆ, ಬೆರಳಿಗೆ ಅಂಟುತ್ತಿದೆ. ಅವರು ಕೈ ತೊಳೆದು ಮತ್ತೊಮ್ಮೆ ಒತ್ತುತ್ತಾರೆ.

"ಇದು ಓಡಿದೆ," ಎನ್ನುತ್ತಾರೆ. ಅವರ ಅಡುಗೆಯ ಬಗ್ಗೆ ಬರೆಯಲು ಬಂದಿರುವ ನಾನು ಹತ್ತಿರ ಹೋಗಿ ನೋಡುತ್ತೇನೆ.

ಮೇಯುತ್ತಿರುವಾಗಲೇ ಗುಂಡು ತಗುಲಿ ಬಿದ್ದ ಜಿಂಕೆಯ ಮಾಂಸ ಬೇರೆ. ಗುಂಡು ಎಲ್ಲೋ ತಗುಲಿ, ಹೆದರಿ, ಬೆಟ್ಟವೆಲ್ಲ ಓಡಿ ಸತ್ತದ್ದು ಬೇರೆ. ಈ ಸ್ಕಾಟ್ಲೆಂಡಿನ ಕಣಿವೆಯಲ್ಲಿ ಇದು ಯಾರಿಗೂ ಹೇಳಿಕೊಡಬೇಕಾದ ವಿಷಯವಲ್ಲ. ಹೊಡೆದವರು ಎಫಿಯ ಗಂಡ ರೂರಿ. ಒಂದೇ ಗುಂಡಿಗೆ ಬಿತ್ತು ಎಂದು ಮನೆಯಲ್ಲಿ ಹೇಳಿದ್ದರು. ಹೆಣ್ಣು ಜಿಂಕೆಗಳ ಬೇಟೆ ಶುರುವಾದಾಗ ಮೊದಲ ಜಿಂಕೆಯ ಎಳೆಮಾಂಸವನ್ನು ಸುತ್ತಲಿನ ಬೇಟೆಗಾರರೆಲ್ಲ ಕೂತು ತಿನ್ನುವುದು ಇಲ್ಲಿನ ಪದ್ಧತಿ, ಹೊಡೆದವನೇ ತಟ್ಟೆ ಹೊತ್ತು ತರಬೇಕು. ಆ ಊಟ ಇವತ್ತೇ. ಮೊದಲ ತುತ್ತಿಗೇ ಎಲ್ಲರಿಗೂ ಗೊತ್ತಾಗುತ್ತದೆ.

ಬೇಟೆಬಂಗಲೆಯ ಅಡುಗೆಮನೆಗೆ ಎಫಿ ಬಂದದ್ದು ಮದುವೆಯಾದ ವರ್ಷ. ಅತಿಥಿಗಳು ಕೊಂಬಿನ ಪಕ್ಕ ನಿಂತು ಫೋಟೊ ತೆಗೆಸಿಕೊಂಡು ಹೋಗುತ್ತಾರೆ, ಒಲೆಯ ಕಡೆ ಯಾರೂ ಇಣುಕುವುದಿಲ್ಲ. "ಮೊದಲ್ನೇ ಸಲ ಕುರಿ ಮಾಂಸದ ಥರ ಗಂಟೆಗಟ್ಟಲೆ ಬೇಯಿಸ್ಬಿಟ್ಟೆ," ಎಂದು ನಗುತ್ತಾರೆ. "ನಮ್ಮತ್ತೆ ಒಂದು ತುಂಡು ತಿಂದು, ಇದಕ್ಕೆ ಲೇಸ್ ಕಟ್ಟಿದ್ರೆ ಬೂಟಿನ ಥರ ಚರ್ಚಿಗೆ ಹಾಕ್ಕೊಂಡು ಹೋಗ್ಬಹುದು ಅಂದ್ರು. ಜಿಂಕೇಲಿ ಕೊಬ್ಬೇ ಇರಲ್ಲ ನೋಡಿ. ಒಂಚೂರು ಮೈಮರೆತ್ರೂ ಮುಗೀತು."

ಅಷ್ಟರಲ್ಲಿ ರೂರಿ ಚಹಾಕ್ಕೆಂದು ಬರುತ್ತಾರೆ.

"ಯಾಕೆ ಮಾರಾಯ್ತಿ, ಮುಖ ಊದಿಸ್ಕೊಂಡಿದ್ದೀಯ?"

"ಮಾಂಸ ನೋಡು."

"ಕತ್ತಲಲ್ಲಿ ಎಲ್ಲಾ ಕಪ್ಪೇ."

"ದೀಪ ಹಾಕಿದ್ದೀನಿ, ರೂರಿ."

ರೂರಿ ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಾರೆ. ಆದರೂ ಚಹಾ ತುಳುಕುತ್ತದೆ.

"ಹಳ್ಳದವರೆಗೂ ಓಡ್ತು," ಎನ್ನುತ್ತಾರೆ. "ಫ್ರೀಜರಲ್ಲಿ ಬೇರೇದು ಇದೆಯಲ್ಲ, ಅದನ್ನ ಬೇಯಿಸ್ಬಿಡು."

"ಬೇಯಿಸ್ತೀನಿ. ಮುಂದಿನ ವಾರ ಮತ್ತೆ ಬಂದೂಕು ಹಿಡಿದು ಹತ್ತೋನು ನೀನೇ ಅಲ್ವಾ?"

ರೂರಿ ಕಪ್ಪನ್ನು ಕೆಳಗಿಟ್ಟು ಹೊರಗೆ ಹೋಗುತ್ತಾರೆ. ಕೈ ನಡುಗುವವನಿಗೆ ಬಂದೂಕು ಇಳಿಸು ಎಂದು ಇಲ್ಲಿ ಯಾರೂ ಹೇಳುವುದಿಲ್ಲ, ಅವನೇ ಇಳಿಸಬೇಕು. ಇಳಿಸದಿದ್ದರೆ ಜೊತೆಯವರು ಒಬ್ಬೊಬ್ಬರಾಗಿ ಅವನೊಂದಿಗೆ ಬೆಟ್ಟ ಹತ್ತುವುದನ್ನು ಬಿಡುತ್ತಾರೆ. ನಾನಾಗಿದ್ದರೆ ಫ್ರೀಜರಿನದನ್ನೇ ಬೇಯಿಸಿ ಸುಮ್ಮನಾಗುತ್ತಿದ್ದೆ.

ಸಂಜೆ ಎಫಿ ಎರಡನ್ನೂ ಬೇಯಿಸುತ್ತಾರೆ. ಬಿಳಿಪೊರೆ ತೆಗೆದು ಒರೆಸಿ, ಕಾದ ಕಬ್ಬಿಣದ ಬಾಣಲೆಗೆ ಹಾಕಿ, ಸುತ್ತಲೂ ಬಣ್ಣ ಹಿಡಿದ ಮೇಲೆ ಬೆಣ್ಣೆ ಬಿಡುತ್ತಾರೆ. ಓಡಿದ ಮಾಂಸ ಬೆಂದರೂ ಒಳಗೆ ಹಸಿಯಂತೆಯೇ ಕಾಣುತ್ತದೆ. ಹಸಿಯೆಂದು ಇನ್ನಷ್ಟು ಬಿಟ್ಟರೆ ಮರದ ಹಲಗೆ. ಕಣ್ಣನ್ನು ನಂಬುವಂತಿಲ್ಲ, ಬೆರಳೇ ಗತಿ. ಎಫಿ ಒತ್ತುತ್ತಾರೆ, ಬಿಡುತ್ತಾರೆ, ಮತ್ತೆ ಒತ್ತುತ್ತಾರೆ. ಇಳಿಸಿ, ರಸ ಒಳಗೇ ನಿಲ್ಲಲೆಂದು ಮುಚ್ಚಿಡುತ್ತಾರೆ. ಕಾಯುವಾಗ ಏಪ್ರನ್ನಿನ ತುದಿ ಹಿಂಡಿ ಹಿಂಡಿ ಮುದ್ದೆಯಾಗಿದೆ.

ರೂರಿ ಒಳಬಂದಾಗ ಮೇಜಿನ ಮೇಲೆ ಎರಡು ತಟ್ಟೆಗಳಿವೆ. "ಯಾವುದು ತಗೊಂಡು ಹೋಗ್ತೀಯೋ ನಿನ್ನಿಷ್ಟ," ಎಂದು ಎಫಿ ಬೆನ್ನು ತಿರುಗಿಸಿ ಪಾತ್ರೆ ತೊಳೆಯತೊಡಗುತ್ತಾರೆ. ಬಾಗಿಲು ಮುಚ್ಚಿಕೊಂಡ ಮೇಲೆ ತಿರುಗಿ ನೋಡುತ್ತಾರೆ. ಫ್ರೀಜರಿನ ಕೆಂಪು ಮಾಂಸದ ತಟ್ಟೆ ಇಲ್ಲೇ ಉಳಿದಿದೆ.

ಊಟದ ಕೋಣೆಯಲ್ಲಿ ಎಲ್ಲರಿಗಿಂತ ಹಿರಿಯ ಫಿನ್ಲೇ ಒಂದು ತುಂಡು ಜಗಿದು ಚಾಕು ಕೆಳಗಿಡುವುದು ಬಾಗಿಲ ಸಂದಿಯಿಂದ ನಮಗೆ ಕಾಣುತ್ತದೆ. ಯಾರೂ ತಲೆ ಎತ್ತುವುದಿಲ್ಲ.

"ಓಡಿಸಿದ್ದು ನಾನೇ," ಎನ್ನುತ್ತಾರೆ ರೂರಿ. "ಬಂಗ್ಲೆ ಬಂದೂಕು ನಾಳೆ ವಾಪಸ್ ಕೊಡ್ತೀನಿ."

ಫಿನ್ಲೇ ಪಕ್ಕದ ಕುರ್ಚಿ ಎಳೆಯುತ್ತಾರೆ. "ಕೂತ್ಕೊಳಪ್ಪ. ಓಡಿ ಸತ್ತ ಜಿಂಕೇನ ಇಷ್ಟು ಮೆತ್ತಗೆ ಬೇಯಿಸೋ ಹೆಂಡ್ತಿ ಇದ್ದಾಳೆ, ನಿನಗೇನು ಕಡಿಮೆ?"

ಎಫಿ ಅಡುಗೆಮನೆಗೆ ಮರಳಿ ಸ್ಟೂಲಿನ ಮೇಲೆ ಕೂರುತ್ತಾರೆ, ಕಣ್ಣು ಒರೆಸಿಕೊಳ್ಳುತ್ತಾರೆ. ಇನ್ನೇನು ಆಸೆ ಎಂದು ಕೇಳುತ್ತೇನೆ.

"ಊರೋರಿಗೆಲ್ಲ ಸರಿಯಾದ ಹೊತ್ತಿಗೆ ಬಡಿಸಿದ್ದೀನಿ," ಎನ್ನುತ್ತಾರೆ. "ಅವನು ಬೆಟ್ಟ ಇಳಿದು ಬರೋ ಹೊತ್ತಿಗೆ ಯಾವಾಗ್ಲೂ ತಣ್ಣಗಾಗಿ ಗಟ್ಟಿಯಾಗಿರ್ತಿತ್ತು. ಒಳ್ಳೇ ಮಾಂಸ ಬಾಣಲೆಯಿಂದ ಇಳಿಸಿದ ಹೊತ್ತಿಗೆ ಹೇಗಿರುತ್ತೆ ಅಂತ ಅವನಿಗೆ ಗೊತ್ತೇ ಇಲ್ಲ. ನಾಳೆಯಿಂದ ಮನೇಲೇ ಇರ್ತಾನಲ್ಲ, ಬಿಸಿಬಿಸಿಯಾಗಿ ಹಾಕ್ತೀನಿ."