ಹೆಸರೆತ್ತದ ಮನೆ

ದೊಮ್ಮಲೂರಿನ ಗೋವಿಂದಮ್ಮನ ಬಾಯಿಗೆ ಹೆದರದವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಫ್ಲೈಓವರ್ ಕಟ್ಟುವಾಗ ಮನೆ ಮುಂದೆ ಮಣ್ಣು ಸುರಿದ ಕಂಟ್ರಾಕ್ಟರನಿಗೆ ಆಕೆ ಮಾಡಿದ ಮಂಗಳಾರತಿಯನ್ನು ಹಳಬರು ಈಗಲೂ ನೆನೆದು ನಗುತ್ತಾರೆ. ಅಂಥ ಬಾಯಿಯೂ ಒಂದು ಹೆಸರನ್ನು ಮಾತ್ರ ಎತ್ತುತ್ತಿರಲಿಲ್ಲ. ಅದು ಮೊಮ್ಮಗಳು ಬೃಂದಾಳಿಗೆ ಮೂರು ವರ್ಷ ತುಂಬಿದಾಗಿನಿಂದ ಬರುತ್ತಿದ್ದ ಫಿಟ್ಸ್‌ನ ಹೆಸರು.

"ಹೆಸರಿಡಿದು ಕರುದ್ರೆ ಬಾಗ್ಲಿಗೆ ಬಂದ್ ನಿಲ್ತದೆ" ಎಂದು ಆಕೆ ಇಡೀ ಮನೆಗೆ ಕಟ್ಟಳೆ ಹಾಕಿದ್ದಳು. ಬಂದರೂ ‘ಅದು’, ಹೋದರೂ ‘ಅದು’. ಮಗ ಮುನಿರಾಜು ಎಲೆಕ್ಟ್ರಿಷಿಯನ್, ಸೊಸೆ ಯಮುನಾ ಕಮ್ಮನಹಳ್ಳಿಯ ಬೇಕರಿಯಲ್ಲಿ ಪ್ಯಾಕಿಂಗ್ ಮಾಡುತ್ತಾಳೆ. ಹಾಗಾಗಿ ಇಂದಿರಾನಗರದ ಶಿಶುವಿಹಾರದ ಆಯಾ ಕೆಲಸ ಬಿಟ್ಟು, ಸೊಂಟಕ್ಕೆ ಕಬ್ಬಿಣದ ಬೀಗದಕೈ ಸಿಕ್ಕಿಸಿಕೊಂಡು ಆರು ವರ್ಷ ಮೊಮ್ಮಗಳ ಶಾಲೆಯ ಗೇಟಿನಲ್ಲಿ ಕೂತವಳು ಗೋವಿಂದಮ್ಮನೇ. ಮಗು ಬಿದ್ದಾಗ ಆ ಬೀಗದಕೈಯನ್ನು ಅದರ ಕೈಗೆ ಹಿಡಿಸುತ್ತಿದ್ದಳು. ಅದರಿಂದ ಏನೂ ಆಗುವುದಿಲ್ಲವೆಂದು ಹೇಳಿ ಹೇಳಿ ಡಾಕ್ಟರೇ ಸೋತರು.

ಹೋದ ಶಿವರಾತ್ರಿ ಹೊತ್ತಿಗೆ ತಲೆಯ ಆಪರೇಷನ್ ಆಯಿತು. ಆಮೇಲೆ ಬೃಂದಾ ಮೊದಲಿನ ಹಾಗೆ ಉಳಿಯಲಿಲ್ಲ. ಕೈಯಲ್ಲಿ ಲೋಟ ಹಿಡಿದು, ಅದಕ್ಕೇನೆನ್ನುತ್ತಾರೆಂದು ತೋಚದೆ ಅಳುತ್ತಿದ್ದಳು. ಮಧ್ಯಾಹ್ನಕ್ಕೇ ಸೋತು ಮಲಗುತ್ತಿದ್ದಳು. ಆದರೆ ಬೀಳುತ್ತಿರಲಿಲ್ಲ. ಮುನಿರಾಜು ಎಷ್ಟೋ ವರ್ಷದ ಮೇಲೆ ಹಾಡು ಗುನುಗುತ್ತಾ ಗಡ್ಡ ಬೋಳಿಸಿಕೊಂಡ. ಫಿಟ್ಸ್ ಬಂದ ದಿನ ಬರೆದಿಡಿ ಎಂದು ಆಸ್ಪತ್ರೆಯವರು ಕೊಟ್ಟ ನೋಟ್‌ಬುಕ್ ಖಾಲಿಯೇ ಇತ್ತು.

ಸಂಕ್ರಾಂತಿಯ ಹಿಂದಿನ ದಿನ ಅಜ್ಜಿ, ಮೊಮ್ಮಗಳು ಅವರೆಕಾಯಿ ಸುಲಿಯುತ್ತಿದ್ದರು. ಬೃಂದಾಳ ಕೈ ನಿಂತಿತು. ಕಣ್ಣು ಗೋಡೆಯಲ್ಲಿ ನೆಟ್ಟವು, ತುಟಿ ಏನನ್ನೋ ಚಪ್ಪರಿಸಿದವು. ಅರ್ಧ ನಿಮಿಷದ ಮೇಲೆ ಅವಳು ಮತ್ತೆ ಕಾಯಿ ಎತ್ತಿಕೊಂಡಳು. ಮಗು ಬೀಳದಿದ್ದರೂ ಇದು ‘ಅದೇ’ ಎಂದು ಗೋವಿಂದಮ್ಮನಿಗೆ ತಿಳಿಯಿತು. ಆದರೂ ಯಾರಿಗೂ ಹೇಳಲಿಲ್ಲ. ಹೇಳಿದರೆ ನಿಜವಾಗಿಬಿಡುತ್ತದೆಂಬ ಭಯ ಒಂದು ಕಡೆ, ಮಗನ ಹಾಡು ನಿಲ್ಲಿಸುವ ಪಾಪ ತನಗೇಕೆ ಎಂಬುದು ಇನ್ನೊಂದು ಕಡೆ.

ಮುಂದಿನ ತಿಂಗಳು ಎಲ್ಲರೂ ಆಸ್ಪತ್ರೆಗೆ ಹೋದರು. ಡಾಕ್ಟರು ನೋಟ್‌ಬುಕ್ ತಿರುವಿದರು.

"ವರ್ಷದಿಂದ ಒಂದೂ ಇಲ್ಲ. ಹಾಗಾದ್ರೆ ಮಾತ್ರೆ ನಿಧಾನಕ್ಕೆ ಕಮ್ಮಿ ಮಾಡೋಣ. ಏನಾದ್ರೂ ಬಂದಿದ್ರೆ ಮಾತ್ರ ಈಗ್ಲೇ ಹೇಳ್ಬಿಡಿ. ಮುಚ್ಚಿಟ್ರೆ ಮಗೂಗೇ ಅಪಾಯ."

ಡಾಕ್ಟರು ಬರೆಯಲು ಪೆನ್ನು ತೆಗೆದರು.

"ಫಿಟ್ಸ್ ಬಂದಿತ್ತು ಸ್ವಾಮಿ," ಎಂದಳು ಗೋವಿಂದಮ್ಮ. "ಒಂದ್ಸಲ. ಸಂಕ್ರಾಂತಿ ಮುಂಚೆ."

ಮಗ ಎಗರಿ ಬೀಳುತ್ತಾನೆಂದು ಕಾದಳು. ಅವನು ತಲೆ ಎತ್ತಲಿಲ್ಲ. "ನಾನೂ ಒಂದ್ಸಲ ನೋಡ್ದೆ ಸರ್, ದೀಪಾವಳೀಲಿ" ಎಂದ. ಯಮುನಾ ಸೆರಗು ಬಾಯಿಗೊತ್ತಿಕೊಂಡು, "ನನ್ ಮುಂದೆ ಎರಡ್ಸಲ" ಎಂದಳು. ಒಂದೇ ಸೂರಿನ ಕೆಳಗೆ, ಒಬ್ಬರನ್ನೊಬ್ಬರು ನೋಯಿಸಬಾರದೆಂದು ಮೂವರೂ ಒಂದೇ ಕಳ್ಳತನ ಮಾಡಿದ್ದರು.

ಡಾಕ್ಟರು ಬೈಯಲಿಲ್ಲ. ಮಾತ್ರೆ ಕಮ್ಮಿ ಮಾಡುವಂತಿಲ್ಲ, ಹೆಚ್ಚಿಸಬೇಕು, ಸ್ಕ್ಯಾನೂ ಮತ್ತೆ ಆಗಬೇಕು ಎಂದರು. ಆಮೇಲೆ ಬೃಂದಾಳ ಕಡೆ ಬಾಗಿ, "ಫಿಟ್ಸ್ ಬರೋವಾಗ ಆಗುತ್ತಲ್ಲ, ಹಾಗೆ ಸ್ಕೂಲಲ್ಲಿ ಹೊಟ್ಟೆಯಿಂದ ಏನೋ ಮೇಲೆ ಬಂದಂಗೆ ಆಗಿತ್ತಾ ಪುಟ್ಟಾ? ಎಷ್ಟ್ ಸಲ?" ಎಂದು ಕೇಳಿದರು.

ಅವಳಿಗೆ ಲೆಕ್ಕದ ಮಾತು ಸಿಗಲಿಲ್ಲ. ಒಂದೊಂದೇ ಬೆರಳು ಬಿಚ್ಚತೊಡಗಿದಳು. ಒಂದು ಕೈಯ ಬೆರಳೆಲ್ಲ ಮುಗಿದು ಇನ್ನೊಂದು ಕೈ ಮೇಲೆದ್ದಾಗ ಮುನಿರಾಜು ಎದ್ದು ಹೊರಗೆ ಹೋದ. ಬೃಂದಾ ಅಜ್ಜಿಯ ಮುಖ ನೋಡಿ ಎರಡೂ ಕೈಗಳನ್ನು ಸರಕ್ಕನೆ ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.

ಗೋವಿಂದಮ್ಮ ಆ ಕೈಗಳನ್ನು ಮೆಲ್ಲಗೆ ಮುಂದಕ್ಕೆ ತಂದು ತನ್ನ ಮಡಿಲಲ್ಲಿಟ್ಟುಕೊಂಡಳು.

"ಬೈಯಲ್ಲ ಕಂದಾ," ಎಂದಳು. "ಮೊದಲಿಂದ ಎಣ್ಸು."