ಅಳೆಯದೆ ಬಿಟ್ಟ ಮೀನು

ಟೇಪಕ್ಕನ ಕುತ್ತಿಗೆಯಲ್ಲಿ ಸರ ಇರುತ್ತಿತ್ತೋ ಇಲ್ಲವೋ, ಅಳತೆಯ ಟೇಪಂತೂ ಇರುತ್ತಿತ್ತು. ಕಸುಬಿನಲ್ಲಿ ದರ್ಜಿ. ಗಾಳದ ಸಂಘದವರು ವರ್ಷಕ್ಕೊಮ್ಮೆ ಕಡಲದಂಡೆಯಲ್ಲಿ ನಡೆಸುವ ಪಂದ್ಯದಲ್ಲಿ ಮೀನು ಅಳೆಯುವವಳೂ ಅವಳೇ. ಗಂಡಸರು ಹೇಳುವ ಸೊಂಟದ ಅಳತೆಯನ್ನೇ ನಂಬದವಳು ಮೀನಿನ ಅಳತೆಯನ್ನು ನಂಬುತ್ತಾಳೆಯೇ? ಯಾರಾದರೂ "ಇಷ್ಟುದ್ದ ಇತ್ತು" ಎಂದು ಕೈ ಅಗಲಿಸಿದರೆ ಸಾಕು, ಎರಡು ಅಂಗೈಗಳ ನಡುವೆ ಟೇಪು ಹಿಡಿದು ಮಾನ ಹರಾಜು ಹಾಕುತ್ತಿದ್ದಳು.

ನಿಯಮಗಳೂ ಅವಳವೇ. ಮೀನನ್ನು ಒದ್ದೆ ಕೈಯಲ್ಲೇ ಮುಟ್ಟಬೇಕು, ದಂಡೆಯ ಒದ್ದೆ ಹಲಗೆಯ ಮೇಲೆ ಅಳೆಯಿಸಿ ಜೀವಂತ ಕಡಲಿಗೆ ಬಿಡಬೇಕು. ಸತ್ತರೆ ಸೊನ್ನೆ. ಹಿಂದೆ ಸತ್ತ ಮೀನುಗಳನ್ನು ರಾಶಿ ಹಾಕಿ ಫೋಟೋ ತೆಗೆಸಿಕೊಳ್ಳುತ್ತಿದ್ದ ಶೂರರು, ಗಾಳಕ್ಕೆ ಬರೀ ಪ್ಲಾಸ್ಟಿಕ್ ಚೀಲ ಬೀಳತೊಡಗಿದ ಮೇಲೆ ತೆಪ್ಪಗೆ ಒಪ್ಪಿಕೊಂಡಿದ್ದರು.

ಅವಳ ಗಂಡ ಬಸ್ ಡ್ರೈವರ್. ಹದಿನೇಳು ವರ್ಷ ಸ್ಪರ್ಧಿಸಿಯೂ ಕಪ್ ಮುಟ್ಟದ ಮಹಾನುಭಾವ. ಶೋಕೇಸಿನಲ್ಲಿ ಕಪ್ಪಿಗೆಂದು ಖಾಲಿ ಬಿಟ್ಟ ಜಾಗದಲ್ಲಿ ಅವಳು ನೂಲಿನುಂಡೆ ಇಟ್ಟರೂ ಮುಖ ಊದಿಸಿಕೊಳ್ಳುತ್ತಿದ್ದ.

ಈ ಸಲ ಮುಕ್ತಾಯದ ಸೀಟಿಗೆ ಹತ್ತು ನಿಮಿಷ ಇರುವಾಗ ಅವನ ಗಾಳಕ್ಕೆ ದೊಡ್ಡ ಮೀನೇ ಬಿತ್ತು. ಖುಷಿಯಲ್ಲಿ ಅವನ ತಲೆಯೇ ಓಡಲಿಲ್ಲ. ಫೋಟೋದಲ್ಲಿ ಫಳಫಳ ಹೊಳೆಯಲಿ ಎಂದು, ಬಸ್ಸಿನ ಗಾಜು ಒರೆಸುವ ಅಭ್ಯಾಸದಲ್ಲಿ, ಟವೆಲ್ ತೆಗೆದು ತಲೆಯಿಂದ ಬಾಲದವರೆಗೆ ಒರೆಸಿಯೇಬಿಟ್ಟ. ಮೀನಿನ ಮೈ ಕಾಯುವ ಲೋಳೆಯೆಲ್ಲ ಟವೆಲಿಗೆ ಬಂತು. ಟೇಪಕ್ಕ ಓಡಿ ಬರುವಷ್ಟರಲ್ಲಿ ಮೀನು ಬಾಯಿ ಬಾಯಿ ಬಿಡುತ್ತಿತ್ತು. ಅವಳು ಬೈಯಲು ಹೊರಟಳು. ಅವನಾಗಲೇ ಪ್ಯಾಂಟು, ಮೊಬೈಲು ಸಮೇತ ಸೊಂಟದುದ್ದ ನೀರಿಗಿಳಿದು ಕಿವಿರುಗಳಿಗೆ ನೀರು ಹಾಯಲೆಂದು ಮೀನನ್ನು ಮೆಲ್ಲಗೆ ಹಿಂದೆ ಮುಂದೆ ಆಡಿಸುತ್ತಿದ್ದ.

ಸೀಟಿಗೆ ಎರಡೇ ನಿಮಿಷ ಉಳಿಯಿತು. ಹಲಗೆಗೆ ಎತ್ತಿದರೆ ಕಪ್ ಅವನದೇ. ಆಮೇಲೆ ಮೀನು ದೂರ ಹೋಗಿ ಸತ್ತರೆ ನೋಡುವವರು ಯಾರು?

"ಅಳೀಲಾ, ರೀ?" ಎಂದಳು. ಇಷ್ಟು ವರ್ಷಗಳಲ್ಲಿ ಅಳೆಯುವ ಮೊದಲು ಅವಳು ಯಾರನ್ನೂ ಕೇಳಿದ್ದಿಲ್ಲ.

"ಬೇಡ ಕಣೆ. ಇನ್ನೊಂದ್ಸಲ ಎತ್ತಿದ್ರೆ ಉಳಿಯಲ್ಲ ಇದು."

ಸೀಟಿ ಕೂಗಿತು. ಅದಾಗಿ ಕಾಲು ಗಂಟೆಯ ಮೇಲೆ ಮೀನು ಬಾಲದಿಂದ ಅವನ ಮುಖಕ್ಕೊಂದು ರಪ್ಪೆಂದು ಬಾರಿಸಿ ಹೊರಟುಹೋಯಿತು.

ಸಂಜೆ ಸಂಘದ ಕೋಣೆಯಲ್ಲಿ ಕಪ್ ಇನ್ಯಾರದೋ ಕೈ ಸೇರಿತು. ಡ್ರೈವರ್ ಒದ್ದೆ ಪ್ಯಾಂಟಿನಲ್ಲೇ ನಿಂತು ಕೈ ಅಗಲಿಸಿ ಇಷ್ಟುದ್ದ ಇತ್ತು ಎಂದ. ಒಂದು ಗೇಣಾದರೂ ಸುಳ್ಳು ಬೆರೆತಿತ್ತು. ಎಲ್ಲರೂ ನಗುತ್ತ ಟೇಪಕ್ಕನ ಕಡೆ ತಿರುಗಿದರು.

ಅವಳು ಕುತ್ತಿಗೆಯಿಂದ ಟೇಪು ತೆಗೆದು, ಸುತ್ತಿ, ಚೀಲಕ್ಕೆ ಹಾಕಿಕೊಂಡಳು.

"ಇನ್ನೂ ಸ್ವಲ್ಪ ಉದ್ದಾನೇ ಇತ್ತು," ಎಂದಳು.