ಶಟರ್ ಎಳೆದು ತೋರಿಸಿದ ಸೈಕಲ್ ಲೈಟು

ಗೆಳೆಯರೇ, ಇವತ್ತು ಮಧ್ಯಾಹ್ನ, ನಾನು ದುಡಿಯಲು ಬಂದಿರುವ ಸಾತಪುರದ ಸೈಕಲ್ ಅಂಗಡಿಯೊಂದರಲ್ಲಿ ಲೈಟು ಕೊಳ್ಳಲು ಹೋಗಿ ಒಳಗೇ ಸಿಕ್ಕಿಬಿದ್ದೆ.

ಪಾಳಿ ಮುಗಿಸಿ ರಾತ್ರಿ ಮನೆಗೆ ಬರುವ ದಾರಿಯಲ್ಲಿ ಗುಂಡಿ ಕಾಣದೆ ಮೊನ್ನೆ ಬಿದ್ದಿದ್ದೆ. ಕಡಿಮೆ ಬೆಲೆಗೆ ಒಳ್ಳೆಯ ಬೆಳಕು ಬೇಕಿತ್ತು. ಅಂಗಡಿಯವರು ನಮ್ಮ ಬೀದರ್ ಕಡೆಯವರೇ. ನಾನು ಕೈಗೆತ್ತಿಕೊಂಡ ಅಗ್ಗದ ಲೈಟನ್ನು ಪಕ್ಕಕ್ಕೆ ಸರಿಸಿ, “ಅದು ಹುಡುಗರ ಆಟದ ಸಾಮಾನ ಅದರಿ. ಇದು ನೋಡ್ರಿ, ರಾತ್ರಿನ ಹಗಲು ಮಾಡ್ತದ” ಎಂದು ದುಬಾರಿಯದನ್ನು ಕೈಗಿಟ್ಟರು.

“ಈ ಬಿಸಿಲಾಗ ಹ್ಯಾಂಗ ಗೊತ್ತಾಗಬೇಕ್ರಿ?” ಎಂದೆ.

ಕರೆಂಟ್ ಮೊದಲೇ ಹೋಗಿತ್ತು. ಅವರು ಶಟರನ್ನು ನೆಲದವರೆಗೆ ಎಳೆದು ಲೈಟು ಹಾಕಿದರು. ಗೋಡೆಯೆಲ್ಲ ಬೆಳ್ಳಗಾಯಿತು. ಒಪ್ಪಿದೆ. ಆದರೆ ಶಟರ್ ಮತ್ತೆ ಮೇಲೇಳಲಿಲ್ಲ.

ಇಬ್ಬರೂ ಸೇರಿ ಎತ್ತಿದೆವು, ಗುದ್ದಿದೆವು, ಕೂಗಿದೆವು. ಹೊರಗಿನ ಟ್ರಕ್ಕುಗಳ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ನನ್ನ ಪಾಳಿಗೆ ಉಳಿದದ್ದು ಕಾಲು ಗಂಟೆ. ಅವರಿಗೆ ಉಬ್ಬಸ ಬೇರೆ, ಎದೆ ಸುಯ್ಗುಟ್ಟತೊಡಗಿತು. ಅಷ್ಟರಲ್ಲಿ ದುಬಾರಿ ಲೈಟು ಎರಡು ಸಲ ಮಿಣುಕಿ ಆರಿಹೋಯಿತು.

ನಾನು ಕತ್ತಲಲ್ಲಿ ಫೋನಿಗಾಗಿ ಜೇಬು ತಡಕುವಷ್ಟರಲ್ಲಿ ಅವರು ಗಲ್ಲಾದಿಂದ ಇನ್ನೊಂದು ಲೈಟು ತೆಗೆದು ಹೊತ್ತಿಸಿದರು. ಆ ಬೆಳಕಿನಲ್ಲಿ ಶಟರಿನ ಸಂದಿಗೆ ಸಿಕ್ಕಿದ್ದ ನಟ್ಟು ಕಂಡಿತು. ಬೋಲ್ಟು ಬಿಚ್ಚುವ ಪಾನಾದಿಂದ ಹೊಡೆದು ಉದುರಿಸಿದೆ. ಶಟರ್ ಎದ್ದಿತು.

ಅವರ ಕೈಯಲ್ಲಿದ್ದದ್ದು ಅದೇ ಅಗ್ಗದ ಬಗೆಯ ಲೈಟು. ಹಳೆಯದಾಗಿ ಮೈಗೆಲ್ಲ ಟೇಪು ಸುತ್ತಿಸಿಕೊಂಡಿತ್ತು.

“ಇದು ಯಾರದ್ರಿ?” ಎಂದೆ.

“ನಂದೇ ಅದರಿ. ಮೂರು ವರ್ಷ ಆಯ್ತು, ದಿನಾ ರಾತ್ರಿ ಇದರ ಬೆಳಕಿನ ಮ್ಯಾಲೇ ಮನಿಗಿ ಹೋಗ್ತೀನಿ.”

ಅಂಥದ್ದೇ ಒಂದು ಕೊಡಿ ಎಂದೆ. ಕಟ್ಟಿಕೊಡುತ್ತಾ, ಸ್ವಲ್ಪವೂ ನಾಚದೆ, “ಚಲೋ ಮಾಲು ಆರಿಸಿದ್ರಿ ನೋಡ್ರಿ” ಎಂದರು.